ನಿಮಗಿದು ಗೊತ್ತೇ? ಆರು ಸಾವಿರ ವರ್ಷದ ವಿಶ್ವಕ್ಕೆ ಆಕಾಶ ಕೊಟ್ಟ ಉತ್ತರ

ಇಡೀ ವಿಶ್ವದ ವಯಸ್ಸು ಬರೀ ಆರು ಸಾವಿರ ವರ್ಷ ಎಂದು ನಂಬುವವರು ಅಮೆರಿಕದಲ್ಲಿ ಇಂದಿಗೂ ಬಹಳ ಜನ ಇದ್ದಾರೆ. ನಂಬುವುದು ಅವರವರ ಹಕ್ಕು. ಆದರೆ ಅದನ್ನೇ ಶಾಲೆಯ ವಿಜ್ಞಾನ ತರಗತಿಯಲ್ಲಿ ಕಲಿಸಬೇಕೆಂದು ಸೃಷ್ಟಿವಾದಿಗಳು ಪಟ್ಟು ಹಿಡಿದಾಗ ಖಗೋಳ ವಿಜ್ಞಾನಿಗಳೂ ಶಿಕ್ಷಕರೂ ಕೊನೆಗೆ ನ್ಯಾಯಾಧೀಶರೂ ಉತ್ತರ ಕೊಡಬೇಕಾಯಿತು. ಆ ಸವಾಲು-ಜವಾಬುಗಳಿಂದ ಹೆಕ್ಕಿದ ಸಂಗತಿಗಳು ಇಲ್ಲಿವೆ.

● ಆರು ಸಾವಿರ ಎಂಬ ಲೆಕ್ಕ ಬಂದದ್ದು ಎಲ್ಲಿಂದ? ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ ಬೈಬಲ್ಲಿನ ವಂಶಾವಳಿಗಳನ್ನೂ ಅರಸರ ಆಳ್ವಿಕೆಯ ವರ್ಷಗಳನ್ನೂ ಕೂಡಿಸಿ, ಕ್ರಿ.ಪೂ. 4004ರ ಅಕ್ಟೋಬರ್‌ನಲ್ಲಿ ಸೃಷ್ಟಿ ನಡೆಯಿತೆಂದು 1650ರಲ್ಲಿ ಬರೆದರು. ಅವರ ಕಾಲಕ್ಕೆ ಅದು ಶ್ರದ್ಧೆಯ ವಿದ್ವತ್ತು. ಬಂಡೆಯ ವಯಸ್ಸನ್ನು ಅಳೆಯುವ ದಾರಿ ಆಗ ಯಾರಿಗೂ ತಿಳಿದಿರಲಿಲ್ಲ.

● ಆ ದಾರಿ ಹಿಡಿದು ಭೂಮಿಯ ವಯಸ್ಸು ಕಂಡುಕೊಂಡವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಯುರೇನಿಯಂ ನಿಧಾನವಾಗಿ ಸೀಸವಾಗುತ್ತದೆ. ಅರಿಜೋನಾದಲ್ಲಿ ಬಿದ್ದಿದ್ದ ಉಲ್ಕಾಶಿಲೆಯೂ ಸೇರಿದಂತೆ ಕೆಲವು ಉಲ್ಕಾಶಿಲೆಗಳ ಸೀಸವನ್ನು ಅಳೆದು, 1956ರಲ್ಲಿ ಅವರು ಪ್ರಕಟಿಸಿದ ಅಂಕಿ 455 ಕೋಟಿ ವರ್ಷ. ಇಂದು ಒಪ್ಪಿರುವ ಅಂಕಿ 454 ಕೋಟಿ. ಈ ಕೆಲಸದಲ್ಲಿ ಎಲ್ಲೆಲ್ಲೂ ಸೀಸದ ಕಲಬೆರಕೆ ಕಂಡು ಬೆಚ್ಚಿದ ಅವರು ಮುಂದೆ ಸೀಸ ಬೆರೆಸಿದ ಪೆಟ್ರೋಲಿನ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಮನುಕುಲ ಅವರಿಗೆ ಎರಡು ಬಗೆಯಲ್ಲಿ ಋಣಿ.

● ಕಾರ್ತಿಕದ ಕತ್ತಲ ರಾತ್ರಿ, ಊರಿನ ದೀಪಗಳಿಂದ ದೂರ ನಿಂತರೆ ಆಂಡ್ರೊಮೀಡಾ ಗೆಲಾಕ್ಸಿ ಬರಿಗಣ್ಣಿಗೇ ಮಸುಕಾಗಿ ಕಾಣುತ್ತದೆ. ಅದರ ಬೆಳಕು ಅಲ್ಲಿಂದ ಹೊರಟು 25 ಲಕ್ಷ ವರ್ಷಗಳಾಗಿವೆ. ವಿಶ್ವಕ್ಕೆ ಆರೇ ಸಾವಿರ ವರ್ಷವಾಗಿದ್ದರೆ ಅದು ನಮಗೆ ಕಾಣುವಂತೆಯೇ ಇರಲಿಲ್ಲ. ಸೃಷ್ಟಿವಾದಿಗಳನ್ನು ಅತಿ ಹೆಚ್ಚು ಕಾಡಿರುವ ಪ್ರಶ್ನೆ ಇದೇ. ‘ಬೆಳಕನ್ನು ಅರ್ಧ ದಾರಿಯಲ್ಲೇ ಸೃಷ್ಟಿಸಲಾಯಿತು’ ಎನ್ನುವುದು ಒಂದು ಸಮಜಾಯಿಷಿ. ಹಾಗಾದರೆ ದೂರದ ಗೆಲಾಕ್ಸಿಗಳಲ್ಲಿ ನಾವು ನೋಡುವ ಪ್ರತಿ ನಕ್ಷತ್ರಸ್ಫೋಟವೂ ಎಂದೂ ನಡೆಯದ ಘಟನೆಯ ಚಿತ್ರ ಎಂದಾಗುತ್ತದೆ. ‘ಹಿಂದೆ ಬೆಳಕಿನ ವೇಗವೇ ಹೆಚ್ಚಿತ್ತು’ ಎನ್ನುವುದು ಇನ್ನೊಂದು.

● ಈ ಎರಡನೆಯ ವಾದಕ್ಕೆ ಉತ್ತರ 1987ರ ಫೆಬ್ರವರಿಯಲ್ಲಿ ಬಂತು, ಅದೂ ಆಕಾಶದಿಂದಲೇ. ನಮ್ಮ ನೆರೆಯ ಪುಟ್ಟ ಗೆಲಾಕ್ಸಿಯಾದ ದೊಡ್ಡ ಮೆಗಲಾನಿಕ್ ಮೋಡದಲ್ಲಿ ಒಂದು ನಕ್ಷತ್ರ ಸೂಪರ್‌ನೋವಾ ಆಗಿ ಸಿಡಿಯಿತು. ಅದರ ಸುತ್ತ ಮೊದಲೇ ಇದ್ದ ಅನಿಲದ ಬಳೆಯನ್ನು ಸ್ಫೋಟದ ಬೆಳಕು ಮುಟ್ಟಲು ಸುಮಾರು ಎಂಟು ತಿಂಗಳು ಹಿಡಿಯಿತು. ಅಂದರೆ ಬಳೆಯ ನಿಜವಾದ ಅಳತೆ ಸಿಕ್ಕಿತು. ಭೂಮಿಯಿಂದ ಅದು ಎಷ್ಟು ಕೋನದಷ್ಟು ಅಗಲ ಕಾಣುತ್ತದೆ ಎಂಬುದನ್ನು ಹಬಲ್ ದೂರದರ್ಶಕ ತೋರಿಸಿತು. ಇನ್ನು ಉಳಿದದ್ದು ಹೈಸ್ಕೂಲಿನ ತ್ರಿಕೋನಮಿತಿ: ದೂರ ಸುಮಾರು 1,68,000 ಜ್ಯೋತಿರ್ವರ್ಷ. ಆಗ ಬೆಳಕು ಇನ್ನೂ ವೇಗವಾಗಿ ಓಡುತ್ತಿತ್ತು ಎಂದುಕೊಂಡರೆ ಬಳೆ ಇನ್ನೂ ದೊಡ್ಡದಾಗಬೇಕು, ನಕ್ಷತ್ರ ಇನ್ನೂ ದೂರ ಹೋಗಬೇಕು!

ಇಷ್ಟೇ ಅಲ್ಲ. ಸ್ಫೋಟದಲ್ಲಿ ಹುಟ್ಟಿದ ಕೋಬಾಲ್ಟ್-56 ಎಂಬ ವಿಕಿರಣಶೀಲ ಧಾತುವಿನ ಅರ್ಧಾಯುಷ್ಯ ನಮ್ಮ ಪ್ರಯೋಗಾಲಯಗಳಲ್ಲಿ 77 ದಿನ. ಆ ಸೂಪರ್‌ನೋವಾದ ಬೆಳಕು ಕುಂದುತ್ತ ಬಂದದ್ದೂ ಅದೇ ಲೆಕ್ಕದಲ್ಲಿ. 1,68,000 ವರ್ಷಗಳ ಹಿಂದೆಯೂ ಪರಮಾಣುಗಳು ಇಂದಿನ ನಿಯಮವನ್ನೇ ಪಾಲಿಸುತ್ತಿದ್ದವು. ‘ಹಿಂದೆ ವಿಕಿರಣಶೀಲತೆಯ ವೇಗ ಬೇರೆ ಇದ್ದರೆ?’ ಎಂದು ವಿದ್ಯಾರ್ಥಿ ಕೇಳಿದರೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ.

● ಚಂದ್ರನ ಧೂಳಿನ ವಾದ ಕೇಳಿದ್ದೀರಾ? ಆಕಾಶದಿಂದ ವರ್ಷಕ್ಕೆ ಸುಮಾರು 1.4 ಕೋಟಿ ಟನ್ ಧೂಳು ಭೂಮಿಗೆ ಬೀಳುತ್ತಿರಬಹುದು ಎಂದು ಸ್ವೀಡನ್ನಿನ ಹಾನ್ಸ್ ಪೆಟರ್ಸನ್ 1960ರಲ್ಲಿ ಅಂದಾಜಿಸಿದ್ದರು. ಚಂದ್ರ ಹಳೆಯದಾಗಿದ್ದರೆ ಅಲ್ಲಿಳಿದವರು ಧೂಳಿನಲ್ಲಿ ಹೂತುಹೋಗಬೇಕಿತ್ತಲ್ಲ ಎಂಬುದು ಸೃಷ್ಟಿವಾದಿಗಳ ಪ್ರಶ್ನೆ. ಮುಂದೆ ಉಪಗ್ರಹಗಳ ನೆರವಿನಿಂದ ಅಳೆದಾಗ ನಿಜವಾದ ಪ್ರಮಾಣ ಕೆಲವು ಹತ್ತು ಸಾವಿರ ಟನ್ ಮಾತ್ರ ಎಂದು ತಿಳಿಯಿತು. ಈ ವಾದವನ್ನು ಬಳಸಬೇಡಿ ಎಂದು ಸೃಷ್ಟಿವಾದಿ ಸಂಸ್ಥೆಯೊಂದೇ ತನ್ನವರಿಗೆ ಹೇಳಿದೆ.

● ಸೂರ್ಯ ಕುಗ್ಗುತ್ತಿದ್ದಾನೆ, ಹಾಗಾಗಿ ಅವನು ಬಹಳ ಹಳೆಯವನಲ್ಲ ಎಂದು ಸೃಷ್ಟಿವಾದಿಗಳು ಆಧಾರವಾಗಿ ಹಿಡಿದ 1979ರ ವರದಿಯೂ ಇಂಥದೇ. ಹಳೆಯ ಗ್ರಹಣಗಳ ಮತ್ತು ಬುಧ ಸಂಕ್ರಮಣಗಳ ದಾಖಲೆ ತೆಗೆದು ನೋಡಿದಾಗ ಅಂಥ ಕುಗ್ಗುವಿಕೆ ಕಾಣಲಿಲ್ಲ.

● ‘ಧೂಮಕೇತುಗಳು ಸೂರ್ಯನ ಬಳಿ ಬಂದಾಗಲೆಲ್ಲ ಸವೆಯುತ್ತವೆ. ಇಷ್ಟು ಹೊತ್ತಿಗೆ ಎಲ್ಲ ಮುಗಿಯಬೇಕಿತ್ತು’ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆಪ್ಚೂನಿನಾಚೆ ಹೊಸ ಧೂಮಕೇತುಗಳನ್ನು ಒದಗಿಸುವ ಹಿಮದ ಕಾಯಗಳ ಕಣಜ ಇರಬೇಕೆಂದು ಖಗೋಳಜ್ಞರು ಊಹಿಸಿದ್ದರು. 1992ರಲ್ಲಿ ಡೇವಿಡ್ ಜೂಯಿಟ್ ಮತ್ತು ಜೇನ್ ಲೂ, ಪ್ಲುಟೊವನ್ನು ಬಿಟ್ಟರೆ ಅಲ್ಲಿನ ಮೊದಲ ಕಾಯವನ್ನು ಕಂಡೇಬಿಟ್ಟರು. 2019ರ ಹೊಸವರ್ಷದ ದಿನ ನ್ಯೂ ಹೊರೈಜನ್ಸ್ ನೌಕೆ ಅಂಥದೊಂದರ ಪಕ್ಕದಲ್ಲೇ ಹಾದು ಚಿತ್ರ ತೆಗೆಯಿತು.

● ವಿಶ್ವ ಮಹಾಸ್ಫೋಟದಿಂದ ಹುಟ್ಟಿತೆಂಬುದು ನಾಸ್ತಿಕರ ಕಲ್ಪನೆಯೇ? ಅದರ ಮೂಲ ಚಿಂತನೆಯನ್ನು ಮುಂದಿಟ್ಟ ಬೆಲ್ಜಿಯಂನ ಜಾರ್ಜ್ ಲೆಮೈತ್ರ್ ಕ್ಯಾಥೊಲಿಕ್ ಪಾದ್ರಿ. 1951ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಈ ಸಿದ್ಧಾಂತವನ್ನು ದೈವಸೃಷ್ಟಿಗೆ ತಳಕು ಹಾಕಿ ಮಾತನಾಡಿದಾಗ ಇಷ್ಟಪಡದವರಲ್ಲಿ ಲೆಮೈತ್ರ್ ಕೂಡ ಒಬ್ಬರು. ವಿಜ್ಞಾನವನ್ನೂ ಧರ್ಮವನ್ನೂ ಬೇರೆಬೇರೆ ಇಡಬೇಕೆಂಬುದು ಆ ಪಾದ್ರಿಯ ನಿಲುವು.

● ಇನ್ನು ಶಾಲೆ, ನ್ಯಾಯಾಲಯಗಳ ಮಾತು. 1925ರಲ್ಲಿ ಟೆನೆಸ್ಸಿಯ ಡೇಟನ್ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್ ಅವರಿಗೆ ವಿಕಾಸವಾದ ಕಲಿಸಿದ ಆರೋಪಕ್ಕೆ 100 ಡಾಲರ್ ದಂಡ ಬಿತ್ತು. ವಿಕಾಸವಾದ ಕಲಿಸುವುದನ್ನು ನಿಷೇಧಿಸಿದ್ದ ಆ ರಾಜ್ಯದ ಕಾನೂನು ರದ್ದಾದದ್ದು 1967ರಲ್ಲಿ. ನಡುವೆ 1957ರಲ್ಲಿ ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಉಪಗ್ರಹ ಹಾರಿತು. ಹಿಂದೆ ಬಿದ್ದೆವೆಂಬ ಅಳುಕಿನಲ್ಲಿ ಅಮೆರಿಕ ವಿಜ್ಞಾನದ ಪಠ್ಯಗಳನ್ನು ಹೊಸದಾಗಿ ಬರೆಸಿತು, ವಿಕಾಸವಾದ ಶಾಲೆಗೆ ಮರಳಿತು.

● ಸೃಷ್ಟಿವಾದಕ್ಕೂ ಸಮಪಾಲು ಸಮಯ ಕೊಡಬೇಕೆಂದು 1981ರಲ್ಲಿ ಅರ್ಕನ್ಸಾ ರಾಜ್ಯ ಕಾನೂನು ಮಾಡಿದಾಗ ದಾವೆ ಹೂಡಿದವರಲ್ಲಿ ಮೊದಲ ಹೆಸರು ಮೆಥಾಡಿಸ್ಟ್ ಪಾದ್ರಿ ವಿಲಿಯಂ ಮೆಕ್ಲೀನ್ ಅವರದು. ಇದು ದೇವರಿಗೂ ವಿಜ್ಞಾನಕ್ಕೂ ಜಗಳ ಎನ್ನುವವರು ಈ ಹೆಸರನ್ನು ನೆನಪಿಡಬೇಕು. ರಾಜ್ಯದ ಪರ ಸಾಕ್ಷಿ ಹೇಳಲು ಬಂದವರಲ್ಲಿ ಒಬ್ಬರು ಶ್ರೀಲಂಕಾ ಮೂಲದ ಖಗೋಳ ವಿಜ್ಞಾನಿ ಚಂದ್ರ ವಿಕ್ರಮಸಿಂಘೆ. ಭೂಮಿಗೆ ಹತ್ತು ಲಕ್ಷ ವರ್ಷವೂ ಆಗಿಲ್ಲವೆಂದು ವಿವೇಕಿಯಾದ ವಿಜ್ಞಾನಿ ನಂಬಬಲ್ಲನೇ ಎಂದು ಪಾಟೀಸವಾಲಿನಲ್ಲಿ ಕೇಳಿದಾಗ ಅವರು ಸಾಧ್ಯವಿಲ್ಲ ಎಂದರು. ಕಾನೂನು ಬಿದ್ದುಹೋಯಿತು. 1987ರಲ್ಲಿ ಲೂಸಿಯಾನಾದ ಇಂಥದೇ ಕಾನೂನನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆ ಮೊಕದ್ದಮೆಯಲ್ಲಿ 72 ನೊಬೆಲ್ ವಿಜೇತರು ವಿಜ್ಞಾನದ ಪರ ಸಹಿ ಹಾಕಿದ್ದರು.

● 1999ರಲ್ಲಿ ಕ್ಯಾನ್ಸಾಸ್ ರಾಜ್ಯದ ಶಿಕ್ಷಣ ಮಂಡಳಿ ವಿಕಾಸವಾದದ ಜೊತೆಗೆ ಮಹಾಸ್ಫೋಟವನ್ನೂ ಪಠ್ಯಕ್ರಮದ ಮಾನದಂಡಗಳಿಂದ ಕೈಬಿಟ್ಟಿತು. ಜನ ಮುಂದಿನ ಚುನಾವಣೆಯಲ್ಲಿ ಮಂಡಳಿಯನ್ನೇ ಬದಲಿಸಿದರು. 2001ರಲ್ಲಿ ಎರಡೂ ಮರಳಿದವು.

● 2005ರ ಪೆನ್ಸಿಲ್ವೇನಿಯಾದ ಡೋವರ್ ಮೊಕದ್ದಮೆಯಲ್ಲಿ ಸೃಷ್ಟಿವಾದ ‘ಬುದ್ಧಿವಂತ ವಿನ್ಯಾಸ’ ಎಂಬ ಹೊಸ ಹೆಸರಿನಲ್ಲಿ ಬಂದಿತ್ತು. ಅದರ ಪ್ರಮುಖ ಸಾಕ್ಷಿ, ಜೀವರಸಾಯನ ಪ್ರಾಧ್ಯಾಪಕ ಮೈಕೆಲ್ ಬೀಹಿ, ವಿಜ್ಞಾನದ ಸಿದ್ಧಾಂತಕ್ಕೆ ತಾವು ಕೊಡುವ ವಿವರಣೆಯ ಪ್ರಕಾರ ಜ್ಯೋತಿಷವೂ ಅದರೊಳಗೆ ಸೇರುತ್ತದೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಶಾಲಾ ಮಂಡಳಿ ಸೋತಿತು. ಎದುರು ಪಕ್ಷದ ವಕೀಲರ ಖರ್ಚಿಗೆಂದು ಅದು ತೆರಬೇಕಾದದ್ದು ಸುಮಾರು 10 ಲಕ್ಷ ಡಾಲರ್.

● ವಿಜ್ಞಾನವೆಂದು ತರಗತಿಯಲ್ಲಿ ಏನನ್ನು ಕಲಿಸಬೇಕು ಎಂಬ ಪ್ರಶ್ನೆ ನಮ್ಮಲ್ಲೂ ಏಳುತ್ತದೆ. 2001ರಲ್ಲಿ ಯುಜಿಸಿ ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷದ ಕೋರ್ಸಿಗೆ ದಾರಿ ತೆರೆಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 2018ರಲ್ಲಿ ಕೇಂದ್ರದ ಸಚಿವರೊಬ್ಬರು ಡಾರ್ವಿನ್ ತಪ್ಪು ಎಂದಾಗ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ಸೇರಿ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ತಿದ್ದಿದವು. 2023ರಲ್ಲಿ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ಪುಸ್ತಕದಿಂದ ವಿಕಾಸವಾದವನ್ನು ತೆಗೆದಾಗ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರ ಬರೆದರು. ಅವರ ಆತಂಕ ಸರಿಯಾದದ್ದು: ಮುಂದೆ ಜೀವಶಾಸ್ತ್ರ ತೆಗೆದುಕೊಳ್ಳದ ಮಗು ಆ ಪಾಠವನ್ನು ಓದುವುದೇ ಇಲ್ಲ.

● ಪುರಾಣಗಳ ಒಂದು ಕಲ್ಪ 432 ಕೋಟಿ ವರ್ಷ. ಭೂಮಿಯ ವಯಸ್ಸಿಗೆ ಹತ್ತಿರವಿದೆ ಎಂದು ಅದನ್ನು ಪುರಾವೆಯಾಗಿ ತೋರಿಸುವವರಿದ್ದಾರೆ. ಅದು ಭವ್ಯವಾದ ಕಲ್ಪನೆ, ಆದರೆ ಬಂಡೆಯನ್ನು ಅಳೆದು ಬಂದ ಅಂಕಿಯಲ್ಲ. ಅಷರ್ ಅವರ ಲೆಕ್ಕಕ್ಕೆ ಹಿಡಿದ ಅಳತೆಗೋಲನ್ನೇ ಇದಕ್ಕೂ ಹಿಡಿಯಬೇಕು.

● ಅತಿ ಹಳೆಯ ಗೋಳಾಕಾರದ ನಕ್ಷತ್ರಗುಚ್ಛಗಳ ವಯಸ್ಸು 1,200ರಿಂದ 1,300 ಕೋಟಿ ವರ್ಷ. ವಿಶ್ವದ ಹಿನ್ನೆಲೆ ವಿಕಿರಣವನ್ನು ಅಳೆದರೆ ಸಿಗುವ ವಿಶ್ವದ ವಯಸ್ಸು 1,380 ಕೋಟಿ. ಒಂದು ಲೆಕ್ಕ ನಿಂತಿರುವುದು ನಕ್ಷತ್ರ ಹೇಗೆ ಉರಿಯುತ್ತದೆ ಎಂಬುದರ ಮೇಲೆ, ಇನ್ನೊಂದು ವಿಶ್ವ ಹೇಗೆ ಹಿಗ್ಗುತ್ತದೆ ಎಂಬುದರ ಮೇಲೆ. ಎರಡೂ ಒಂದಕ್ಕೊಂದು ಹೊಂದುತ್ತವೆ.

● ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಕೆಂಪೇಗೌಡ ಗೋಪುರ ನಿಂತಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಶಿಕ್ಷಕರೇ, ಮಕ್ಕಳನ್ನು ಒಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಇಷ್ಟು ವರ್ಷ ಅಂತ ಹೇಗೆ ಗೊತ್ತಾಯಿತು ಸಾರ್ ಎಂದು ಕೇಳಿದ ಮಗುವನ್ನು ಸುಮ್ಮನಾಗಿಸಬೇಡಿ, ಅಲ್ಲೇ ಕೂತು ಯುರೇನಿಯಂ ಸೀಸವಾಗುವ ಕಥೆಯನ್ನು ಪೂರ್ತಿ ಹೇಳಿ.