ಸ್ಪರ್ಧೆಯೂ ಮಕ್ಕಳ ಸಂಗೀತವೂ



ನಮ್ಮ ಹುಟ್ಟೂರಾದ ವೇಣೂರಿನಲ್ಲಿ, ಫಲ್ಗುಣೀ ನದಿಯ ದಡದಲ್ಲಿ, 1604ರಲ್ಲಿ ತಿಮ್ಮಣ್ಣ ಅಜಿಲನು ನಿಲ್ಲಿಸಿದ ಗೊಮ್ಮಟಮೂರ್ತಿಯನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. 2024ರ ಮಹಾಮಸ್ತಕಾಭಿಷೇಕಕ್ಕೆ ಸಂಸಾರಸಮೇತರಾಗಿ ಹೋಗಿದ್ದಾಗ, ಹನ್ನೊಂದು ವರ್ಷದ ನಮ್ಮ ಮಗಳಿಗೆ ಬಾಹುಬಲಿಯ ಕಥೆಯನ್ನು ಹೇಳಿದೆವು. ಅಣ್ಣನಾದ ಭರತನೊಡನೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರನ್ನೂ ಗೆದ್ದು, ಗೆದ್ದ ಗಳಿಗೆಯಲ್ಲಿಯೇ ಸಮಸ್ತವನ್ನೂ ತ್ಯಜಿಸಿದ ಕಥೆ ಅದು. ಅವಳು ಮೂರ್ತಿಯ ಮುಖವನ್ನೇ ನೋಡುತ್ತ, “ಅಪ್ಪಾ, ಗೆದ್ದು ಬಿಟ್ಟರೆ ಯಾರೂ ಬಯ್ಯುವುದಿಲ್ಲವೆ?” ಎಂದಳು. ನಮಗೆ ಉತ್ತರ ಹೊಳೆಯಲಿಲ್ಲ. ಅದಕ್ಕೆ ಎರಡು ತಿಂಗಳ ಹಿಂದೆ ಅವಳು ಸಂಗೀತವನ್ನು ಬಿಟ್ಟಿದ್ದಳು; ಬಯ್ದವರು ನಾವೇ.

ನಡೆದುದಿಷ್ಟು. ಐದನೆಯ ವಯಸ್ಸಿಗೆ ಪಾಠಕ್ಕೆ ಕುಳಿತ ಹುಡುಗಿಯನ್ನು ಎಂಟರಲ್ಲಿ ಸ್ಪರ್ಧೆಗಳಿಗೆ ಕರೆದೊಯ್ಯತೊಡಗಿದೆವು. ಗೋಡೆಯ ಮೇಲೆ ಪ್ರಶಸ್ತಿಪತ್ರಗಳು ಹೆಚ್ಚಿದವು. ಒಂದು ದಿನ ಎರಡನೆಯ ಬಹುಮಾನ ಬಂದಿತು. ಊರಿಗೆ ಮರಳುವ ದಾರಿಯುದ್ದಕ್ಕೂ ಚರಣದಲ್ಲಿ ಅವಳು ತಪ್ಪಿದ ಒಂದು ಸಂಗತಿಯನ್ನೇ ನಾವು ಎತ್ತಿ ಆಡಿದೆವು. ಮರುದಿನದಿಂದ ಶ್ರುತಿಪೆಟ್ಟಿಗೆಯ ಮುಂದೆ ಅವಳು ಬಾಯಿ ತೆರೆಯಲಿಲ್ಲ.

ಇದು ನಮ್ಮೊಬ್ಬರ ಮನೆಯ ಸಂಗತಿಯಾಗಿದ್ದರೆ ಇಲ್ಲಿ ಹೇಳುವ ಅಗತ್ಯವಿರಲಿಲ್ಲ. ಆದುದರಿಂದ ಸ್ಪರ್ಧೆಯು ಮಗುವಿನ ಕಲಿಕೆಗೆ ಏನನ್ನು ಮಾಡುತ್ತದೆಂಬುದನ್ನು ಸ್ವಲ್ಪ ವಿಚಾರಿಸೋಣ.

ಸ್ಪರ್ಧೆ ಬೇಡುವುದು ಐದು ನಿಮಿಷದ ನಿರ್ದೋಷವಾದ ಹಾಡಿಕೆಯನ್ನು. ವಿದ್ಯೆ ಬೇಡುವುದಾದರೋ ಸರಳೆ, ಜಂಟಿ, ಅಲಂಕಾರಗಳನ್ನು ಮೂರು ಕಾಲದಲ್ಲಿ ವರ್ಷಗಟ್ಟಲೆ ಸಾಧಿಸುವುದನ್ನು. ಒಂದೇ ಕೃತಿಯನ್ನು ಆರು ತಿಂಗಳು ತಿದ್ದಿ ತೀಡಿದ ಮಗು ಆ ಕೃತಿಯನ್ನು ಬಲ್ಲುದು. ಆದರೆ ಅದೇ ರಾಗದಲ್ಲಿ ನಾಲ್ಕು ಸ್ವರಗಳನ್ನು ತಾನಾಗಿ ಹೆಣೆಯೆಂದರೆ ಹೆದರುವುದು. ತಪ್ಪಿದರೆ ಅಂಕ ಹೋಗುವುದೆಂದು ಕಲಿತ ಮನಸ್ಸಿಗೆ ಮನೋಧರ್ಮವು ದಕ್ಕುವುದು ಕಷ್ಟ.

ಮನಶ್ಶಾಸ್ತ್ರಜ್ಞರೂ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕೆಯಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬವರು ಚಿತ್ರ ಬಿಡಿಸುವುದರಲ್ಲಿ ಸಹಜವಾಗಿ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಕೆಲವು ದಿನಗಳ ತರುವಾಯ ನೋಡಲಾಗಿ, ಆ ಮಕ್ಕಳು ಬಿಡುವಿನ ವೇಳೆಯಲ್ಲಿ ಚಿತ್ರಕ್ಕೆ ಕೊಟ್ಟ ಕಾಲವು ಉಳಿದವರದರ ಅರ್ಧದಷ್ಟಕ್ಕೆ ಇಳಿದಿತ್ತು. 1973ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳ ಆಸಕ್ತಿ ಮಾತ್ರ ಕುಗ್ಗಿರಲಿಲ್ಲ. ಬಹುಮಾನಕ್ಕಾಗಿಯೇ ಮಾಡುವುದೆಂಬ ಭಾವನೆ ಬಂದಾಗ ಆಟವು ಕೂಲಿಯಾಗುತ್ತದೆ.

ನಮ್ಮ ನೆರೆಯ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರ ಜೀವನವನ್ನು ನೋಡಿರಿ. ತಂದೆ ನಾಗಸ್ವರದ ವಿದ್ವಾಂಸರು. ಮಗನಾದರೋ ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಅದಕ್ಕೆ ಮನಸೋತನು. ಗಮಕಕ್ಕೆ ಸುಲಭವಾಗಿ ಬಗ್ಗದ ಆ ಪಾಶ್ಚಾತ್ಯ ವಾದ್ಯವನ್ನು ಮಂಗಳೂರಿನ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿಯೂ ಮುಂದೆ ಮದರಾಸಿನ ಟಿ. ವಿ. ಗೋಪಾಲಕೃಷ್ಣನ್ ಅವರಲ್ಲಿಯೂ ಪಾಠ ಹೇಳಿಸಿಕೊಂಡು ಒಲಿಸಿಕೊಳ್ಳಲು ಬಹುಕಾಲ ಹಿಡಿಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನುಡಿಸಿದ ಕೀರ್ತಿಯನ್ನು ಎಲ್ಲರೂ ಬಲ್ಲರು; ಅದಕ್ಕೆ ಹಿಂದಿನ ವರ್ಷಗಳ ಸಾಧನೆಗೆ ಅಂಕ ಕೊಡುವವರು ಯಾರು?

ಬೆಳಗಾವಿಯ ಸೂಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರ ಸಂಗತಿ ಬೇರೆ ಬಗೆಯದು. ಬಾಲ್ಯದಲ್ಲಿಯೇ ಗ್ರಾಮಫೋನು ತಟ್ಟೆಗಳಲ್ಲಿ ಕೇಳಿದ ಉಸ್ತಾದರ ಹಾಡಿಕೆಯನ್ನು ಹಾಗೆಯೇ ಹಾಡಿ ಸಭೆಗಳನ್ನು ಬೆರಗುಗೊಳಿಸಿದರು. ಅಷ್ಟಕ್ಕೇ ನಿಂತಿದ್ದರೆ ಅದ್ಭುತ ಬಾಲಕನೆಂಬ ಹೆಸರೊಂದೇ ಉಳಿಯುತ್ತಿತ್ತು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಶಾಲೆಗೆ ಸೇರಿ ಅವರು ಕ್ರಮವಾಗಿ ಕಲಿತರು. 1940ರ ದಶಕದ ಕೊನೆಯಲ್ಲಿ ಕ್ಷಯರೋಗದಿಂದ ಹಾಡುವುದೇ ನಿಂತಿತು. ದೇವಾಸಿನಲ್ಲಿ ಹಾಸಿಗೆ ಹಿಡಿದ ಆ ವರ್ಷಗಳಲ್ಲಿ ಮಾಳವದ ಜಾನಪದ ಗೀತಗಳನ್ನು ಕಿವಿಗೊಟ್ಟು ಕೇಳಿದರು. ಚೇತರಿಸಿದ ಮೇಲೆ ಹೊರಟುದು ಯಾರ ಅನುಕರಣವೂ ಅಲ್ಲದ ಸಂಗೀತ.

ಹಾಗಾದರೆ ಸ್ಪರ್ಧೆಯೇ ಕೂಡದೆ? ಹಾಗೆ ಹೇಳುವುದು ಅವಿವೇಕ. ಹತ್ತು ಜನರ ಮುಂದೆ ಹಾಡುವ ಧೈರ್ಯವೂ, ಇತರರು ಹಾಡುವುದನ್ನು ಕೇಳುವ ಅವಕಾಶವೂ ಅಲ್ಲಿ ದೊರೆಯುತ್ತವೆ. ಕೇರಳದ ಶಾಲಾ ಕಲೋತ್ಸವದಲ್ಲಿ ಕಾಸರಗೋಡಿನ ನಮ್ಮ ಕನ್ನಡದ ಮಕ್ಕಳು ಯಕ್ಷಗಾನದ ಗೆಜ್ಜೆ ಕಟ್ಟುವುದನ್ನು ಕಂಡು ಯಾರು ಹಿಗ್ಗುವುದಿಲ್ಲ? ಆ ಉತ್ಸವದಲ್ಲಿಯೂ ಕಲಾತಿಲಕ, ಕಲಾಪ್ರತಿಭಾ ಎಂಬ ಬಿರುದುಗಳಿಗಾಗಿ ಪೈಪೋಟಿ ಮಿತಿಮೀರಿದಾಗ, ಅವುಗಳನ್ನು ಕೈಬಿಟ್ಟು ಶ್ರೇಣಿಗಳ ಕ್ರಮವನ್ನು ತಂದರು. ಉತ್ಸವ ನಿಲ್ಲಲಿಲ್ಲ.

ಪೋಷಕರಾದ ನಾವು ಮನೆಯಲ್ಲಿ ಮಾಡಬಹುದಾದುದು ಇನ್ನೂ ಸುಲಭ. ಯಾವ ಸ್ಪರ್ಧೆಗೆ ಹೋಗಬೇಕೆಂಬುದನ್ನು ಗುರುವೂ ಮಗುವೂ ನಿಶ್ಚಯಿಸಲಿ. “ನೀನು ಜಾಣೆ” ಎನ್ನುವುದಕ್ಕೆ ಬದಲು, “ಈ ವಾರ ಎರಡನೆಯ ಕಾಲ ನಿಂತಿತು” ಎನ್ನೋಣ. ಮನೆಗೆ ಮರಳುವ ದಾರಿಯಲ್ಲಿ ತೀರ್ಪಿನ ಮಾತನ್ನು ಎತ್ತದಿರೋಣ. ಬಹುಮಾನದ ಹಂಬಲ ಮಗುವಿನದೋ, ನಮ್ಮದೋ ಎಂದು ಒಮ್ಮೆ ನಮ್ಮನ್ನೇ ಕೇಳಿಕೊಳ್ಳೋಣ. ನಮ್ಮ ಮನೆಯಲ್ಲಿ ಅದು ನಮ್ಮದಾಗಿತ್ತು.

ವೇಣೂರಿನಿಂದ ಹಿಂದಿರುಗಿದ ಮೇಲೆ ಗೋಡೆಯ ಪತ್ರಗಳನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟೆವು. ಮಗಳಲ್ಲಿ ಕ್ಷಮೆಯನ್ನೂ ಕೇಳಿದೆವು. ಪಾಠಕ್ಕೆ ಅವಳು ಮರಳಿಲ್ಲ. ಆದರೆ ಈಚೆಗೆ ಸಂಜೆ ಗಿಡಗಳಿಗೆ ನೀರು ಹಾಕುವಾಗ ಏನನ್ನೋ ಗುನುಗುತ್ತಾಳೆ. ಯಾವ ರಾಗವೆಂದು ನಾವು ಕೇಳುವುದಿಲ್ಲ.