ಚಿಕನ್ ಹಲಾಲ್ ಆದರೆ ಸಾಕೇ? ಬಾರ್ಬೆಕ್ಯು ಊಟಕ್ಕೆ ಹೋಗುವ ಮುನ್ನ

ಹಲಾಲ್ ಸ್ಪಷ್ಟವಾಗಿದೆ, ಹರಾಮ್ ಸ್ಪಷ್ಟವಾಗಿದೆ, ಇವೆರಡರ ನಡುವೆ ಸಂಶಯದ ಸಂಗತಿಗಳಿವೆ ಎಂಬ ಅರ್ಥದ ಹದೀಸನ್ನು ಜುಮಾ ಖುತ್ಬಾಗಳಲ್ಲಿ ನಾವು ಎಷ್ಟೋ ಸಲ ಕೇಳಿದ್ದೇವೆ. ನುಅ್‌ಮಾನ್ ಬಿನ್ ಬಶೀರ್(ರ) ವರದಿ ಮಾಡಿದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿದೆ. ಆ ನಡುವಿನ ಜಾಗ ಯಾವುದೆಂದು ನಮಗೆ ಚೆನ್ನಾಗಿ ಅರ್ಥವಾದದ್ದು ಬೆಂಗಳೂರಿನಲ್ಲಿ ಊಟಕ್ಕೆ ಕುಳಿತಾಗ.

ನಾವು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಕಡೆಯವರು. ಮನೆಗೆ ಕೋಳಿ ತಂದರೆ ಅದು ಯಾರ ಅಂಗಡಿಯದು, ಯಾರು ಜಬಹ್ ಮಾಡಿದರು ಎಂಬುದು ಮಕ್ಕಳಿಗೂ ಗೊತ್ತಿರುತ್ತದೆ. ಹಾಗಾಗಿ ಕೇಳುವ ಅಭ್ಯಾಸವೇ ನಮಗಿಲ್ಲ. ಕೆಲಸಕ್ಕೆ ಸೇರಿದ ಅಣ್ಣನ ಮಗ ಮೊದಲ ಸಂಬಳದಲ್ಲಿ ದೊಡ್ಡ ಹೋಟೆಲೊಂದರ ಅಮೆರಿಕನ್ ಬಾರ್ಬೆಕ್ಯು ರೆಸ್ಟೋರೆಂಟಿಗೆ ನಮ್ಮನ್ನು ಕರೆದುಕೊಂಡು ಹೋದ. ‘ಚಿಕನ್ ಹಲಾಲ್ ಅಂತೆ ಚಾಚಾ, ಫೋನಿನಲ್ಲೇ ಕೇಳಿದ್ದೇನೆ’ ಎಂದ. ಆದರೆ ಮೆನುವಿನಲ್ಲಿ ಹಂದಿಯ ಪಕ್ಕೆಲುಬಿನ ಖಾದ್ಯವೂ ಇತ್ತು. ‘ತಮ್ಮಾ, ಎರಡನ್ನೂ ಒಂದೇ ಒಲೆಯಲ್ಲಿ ಬೇಯಿಸುತ್ತೀರಾ?’ ಎಂದು ಬಡಿಸುವ ಹುಡುಗನನ್ನು ಕೇಳಿದೆವು. ಅವನು ಒಳಗೆ ಹೋಗಿ ಬಾಣಸಿಗರನ್ನೇ ಕರೆತಂದ. ಅವರು ಮುಚ್ಚುಮರೆ ಮಾಡಲಿಲ್ಲ: ‘ಒಲೆ ಒಂದೇ ಸರ್. ಮೇಲಿನ ತಟ್ಟೆಯಲ್ಲಿ ಅದು, ಕೆಳಗೆ ಚಿಕನ್.’

ಅಣ್ಣನ ಮಗನ ಮುಖ ಸಪ್ಪಗಾಯಿತು. ಅವನ ತಾಯಿ, ನಮ್ಮ ಭಾಭಿ, ‘ನನಗೆ ಹಸಿವಿಲ್ಲ ಬೇಟಾ’ ಎಂದು ನೀರು ಕುಡಿದು ಕುಳಿತರು. ಮಗನ ಮನಸ್ಸು ನೋಯಬಾರದೆಂದು ಹೇಳಿದ ಮಾತದು. ಕೊನೆಗೆ ಬಾಣಸಿಗರು ಬೇರೆ ಬಾಣಲೆಯಲ್ಲಿ ಮೀನು ಹುರಿದುಕೊಟ್ಟರು. ಎಲ್ಲರೂ ತಿಂದೆವು. ಮನೆಯಿಂದ ಹೊರಡುವ ಮೊದಲೇ ಇನ್ನೆರಡು ಪ್ರಶ್ನೆ ಕೇಳಿದ್ದರೆ ಈ ಪೇಚು ಇರುತ್ತಿರಲಿಲ್ಲ. ಆ ಪ್ರಶ್ನೆಗಳು ಯಾವುವು ಎಂದು ತಿಳಿಯಲು ಈ ಅಡುಗೆಯ ಬಗೆ ಗೊತ್ತಿರಬೇಕು.

ನಮ್ಮ ಕಬಾಬ್ ಕೆಂಡದ ಮೇಲೆ ನೇರವಾಗಿ, ಬೇಗ ಬೇಯುತ್ತದೆ. 2006ರಲ್ಲಿ ಆರಂಭವಾದ ಬಾರ್ಬೆಕ್ಯು ನೇಷನ್‌ನಂತಹ ಕಡೆ ಮೇಜಿನ ಮಧ್ಯದಲ್ಲೇ ಕೆಂಡವಿಟ್ಟು ಕಡ್ಡಿಗೆ ಚುಚ್ಚಿದ ತುಂಡುಗಳನ್ನು ಸುಡುವುದೂ ಈ ಬಗೆಯದೇ. ಅಮೆರಿಕನ್ ಬಾರ್ಬೆಕ್ಯು ಬೇರೆ. ಅಲ್ಲಿ ಮುಚ್ಚಿದ ಒಲೆಯಲ್ಲಿ ಓಕ್, ಹಿಕರಿಯಂತಹ ಕಟ್ಟಿಗೆಯ ಹೊಗೆಯಿಂದ, ಸುಮಾರು 110ರಿಂದ 135 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಾಂಸ ನಿಧಾನವಾಗಿ ಬೇಯುತ್ತದೆ. ಬ್ರಿಸ್ಕೆಟ್ ಎನ್ನುವ ದನದ ಎದೆಭಾಗದ ದೊಡ್ಡ ತುಂಡಿಗೆ 10 ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತು ಒಲೆ ಉರಿಯುವುದರಿಂದ ಹಲವು ಬಗೆಯ ಮಾಂಸವನ್ನು ಒಟ್ಟಿಗೆ ಇಡುವುದುಂಟು. ಮೇಲಿನದರ ಕೊಬ್ಬು ಕರಗಿ ಕೆಳಗಿನದರ ಮೇಲೆ ತೊಟ್ಟಿಕ್ಕುತ್ತದೆ. ಟೆಕ್ಸಾಸ್‌ನಲ್ಲಿ ದನದ ಮಾಂಸ ಹೆಸರುವಾಸಿ. ಕೆರೊಲಿನಾ ಮತ್ತು ಮೆಂಫಿಸ್‌ನ ಅಡುಗೆಯಲ್ಲಿ ಹಂದಿಯೇ ಮುಖ್ಯ.

ಹೋಗುವ ಮುನ್ನ ಕೇಳಬೇಕಾದದ್ದು ನಾಲ್ಕೇ ಪ್ರಶ್ನೆ.

ಮೊದಲನೆಯದು, ಮಾಂಸ ಎಲ್ಲಿಂದ ಬರುತ್ತದೆ? ಹಲಾಲ್ ಪ್ರಮಾಣಪತ್ರ ಇದೆ ಎಂದರೆ ಯಾರು ಕೊಟ್ಟದ್ದು, ಅವಧಿ ಮುಗಿದಿಲ್ಲವೇ, ಅದು ಚಿಕನ್‌ಗೆ ಮಾತ್ರವೋ ಕುರಿ ಮಾಂಸಕ್ಕೂ ಸೇರಿಯೋ ನೋಡಬೇಕು. ಹಸಿರು ವೃತ್ತ ಸಸ್ಯಾಹಾರದ ಗುರುತು, ಕಂದು ತ್ರಿಕೋನ ಮಾಂಸಾಹಾರದ ಗುರುತು. ಆ ಗುರುತುಗಳು ಹಲಾಲ್ ಬಗ್ಗೆ ಏನನ್ನೂ ಹೇಳುವುದಿಲ್ಲ.

ಎರಡನೆಯದು, ಒಲೆ, ಚಿಮಟ, ಚಾಕು, ಕತ್ತರಿಸುವ ಹಲಗೆ, ಸಾಸ್ ಬಳಿಯುವ ಕುಂಚ ಬೇರೆ ಬೇರೆ ಇವೆಯೇ? ನಾವು ಮರೆತದ್ದು ಈ ಪ್ರಶ್ನೆಯನ್ನು.

ಮೂರನೆಯದು, ಸಾಸ್‌ನಲ್ಲಿ ಏನಿದೆ? ಕೆಲವು ಬಾರ್ಬೆಕ್ಯು ಸಾಸ್‌ಗಳಿಗೆ ಬೂರ್ಬನ್ ಎಂಬ ವಿಸ್ಕಿ ಹಾಕುತ್ತಾರೆ. ಮಾಂಸ ನೆನೆಸಲು ಬಿಯರ್ ಬಳಸುವುದೂ ಇದೆ.

ನಾಲ್ಕನೆಯದು, ಮಾಂಸವಿಲ್ಲದಂತೆ ಕಾಣುವ ಖಾದ್ಯಗಳಲ್ಲಿ ಏನಿದೆ? ಅಮೆರಿಕನ್ ಬೇಯಿಸಿದ ಬೀನ್ಸ್‌ಗೆ ಬೇಕನ್, ಅಂದರೆ ಹಂದಿಮಾಂಸದ ಚೂರು, ಹಾಕುವ ರೂಢಿಯಿದೆ. ಮೆಕ್ಕೆಜೋಳದ ಬ್ರೆಡ್ಡಿಗೆ ಕೆಲವರು ಹಂದಿಕೊಬ್ಬು ಸೇರಿಸುತ್ತಾರೆ. ಮಕ್ಕಳು ಇಷ್ಟಪಡುವ ಮಾರ್ಷ್‌ಮೆಲೋದಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರುತ್ತದೆ.

ಇಷ್ಟಕ್ಕೆ ತೃಪ್ತಿಕರ ಉತ್ತರ ಸಿಕ್ಕರೆ ನಿಶ್ಚಿಂತೆಯಿಂದ ಬಿಸ್ಮಿಲ್ಲಾ ಹೇಳಿ ಊಟ ಮಾಡಬಹುದು. ಅಡುಗೆಮನೆಯ ಪ್ರತಿಯೊಂದು ಡಬ್ಬಿ ತೆರೆದು ನೋಡುವ ಅತಿಸಂಶಯ ಬೇಡ. ಉತ್ತರ ಸಿಗದಿದ್ದರೆ ಬೇರೆ ಕಡೆ ಊಟ ಮಾಡಿದರಾಯಿತು. ಯಾವುದಾದರೂ ವಿಷಯದಲ್ಲಿ ಗೊಂದಲ ಉಳಿದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿ.

ಕೇಳಲು ನಾಚಿಕೆಯೇಕೆ ಎಂಬುದಕ್ಕೆ ನಮ್ಮೂರೇ ಪಾಠ ಹೇಳುತ್ತದೆ. ಸೂರಗೊಂಡನಕೊಪ್ಪ ಬಂಜಾರರ ಗುರು ಸಂತ ಸೇವಾಲಾಲರ ಜನ್ಮಸ್ಥಳ. ಫೆಬ್ರವರಿ 15ರ ಜಯಂತಿಗೆ ಮಾಲೆ ಧರಿಸಿದ ಭಕ್ತರು ದೂರದೂರದಿಂದ ನಡೆದು ಬರುತ್ತಾರೆ. ದಾರಿಯಲ್ಲಿ ಯಾರಾದರೂ ಊಟ ಕೊಟ್ಟರೆ, ತಮ್ಮ ವ್ರತಕ್ಕೆ ಸಲ್ಲುವುದೇ ಎಂದು ಕೇಳಿಯೇ ಉಣ್ಣುತ್ತಾರೆ. ಯಾರೂ ನಗುವುದಿಲ್ಲ. ನಾವು ವಿನಯದಿಂದ ಕೇಳಿದರೆ ನಮ್ಮನ್ನು ನೋಡಿ ನಗುವವರೂ ಇಲ್ಲ. ಆ ಬಾಣಸಿಗರೂ ನಗಲಿಲ್ಲ.

ಕೊನೆಯದಾಗಿ ಬಫೆ ಊಟದ ಬಗ್ಗೆ ಒಂದು ಮಾತು. ತಲೆಗೆ ಇಷ್ಟೆಂದು ಹಣ ಕಟ್ಟಿದ ಮೇಲೆ ‘ಕೊಟ್ಟ ದುಡ್ಡಿಗೆ ತಿನ್ನಬೇಕು’ ಎಂದು ತಟ್ಟೆ ತುಂಬಿಸಿಕೊಂಡು ಅರ್ಧ ಬಿಡುವವರನ್ನು ಅಂದು ನೋಡಿದೆವು. ತಿನ್ನಲು, ಕುಡಿಯಲು ಅನುಮತಿ ನೀಡುವ ಅಲ್ ಅಅ್‌ರಾಫ್ ಅಧ್ಯಾಯದ 31ನೆಯ ಸೂಕ್ತ ದುಂದನ್ನೂ ಅಲ್ಲೇ ತಡೆಯುತ್ತದೆ. ಹಲಾಲ್ ಆಹಾರವನ್ನು ಕಸದ ಬುಟ್ಟಿಗೆ ಹಾಕಿದರೆ ನಾಲ್ಕು ಪ್ರಶ್ನೆ ಕೇಳಿದ್ದೂ ವ್ಯರ್ಥ. ಸ್ವಲ್ಪ ಸ್ವಲ್ಪವೇ ಹಾಕಿಸಿಕೊಳ್ಳೋಣ.

ಮುಂದಿನ ಸಲ ಅಣ್ಣನ ಮಗ ಮೊದಲೇ ನಾಲ್ಕೂ ಪ್ರಶ್ನೆ ಕೇಳಿ, ಇನ್ನೊಂದು ಕಡೆ ಜಾಗ ಕಾದಿರಿಸಿದ. ಅಂದು ಭಾಭಿಗೆ ಹಸಿವಿತ್ತು.

ನಮ್ಮ ಮಕ್ಕಳ ದುಡಿಮೆಯಲ್ಲೂ ತುತ್ತಿನಲ್ಲೂ ಅಲ್ಲಾಹನು ಬರಕತ್ ನೀಡಲಿ. ಆಮೀನ್.