ಸಹೋದ್ಯೋಗಿಯ ಹೊಸ ಹೆಸರು



ಕಳೆದ ಹುಣ್ಣಿಮೆಯ ಶಿವಾನುಭವ ಗೋಷ್ಠಿ ಮುಗಿದು ದಾಸೋಹ ನಡೆಯುತ್ತಿದ್ದಾಗ ಕಗ್ಗದಾಸಪುರದ ಭಕ್ತರೊಬ್ಬರು ನಮ್ಮನ್ನು ಬದಿಗೆ ಕರೆದು ಒಂದು ಸಂಕಟವನ್ನು ಹೇಳಿಕೊಂಡರು. ಅವರು ಕಚೇರಿಯೊಂದರಲ್ಲಿ ವಿಭಾಗದ ಮುಖ್ಯಸ್ಥರು. ಒಂಬತ್ತು ವರ್ಷ ಜೊತೆಯಲ್ಲಿ ದುಡಿದ ಯುವಕರೆಂದೇ ಎಲ್ಲರೂ ಬಲ್ಲ ಸಹೋದ್ಯೋಗಿಯೊಬ್ಬರು, ತಾವು ಹೆಣ್ಣೆಂದೂ ಇನ್ನು ಮುಂದೆ ಹೆಣ್ಣಾಗಿಯೇ ಬಾಳುವುದಾಗಿಯೂ ತಿಳಿಸಿದ್ದಾರೆ; ಚಿಕಿತ್ಸೆಯೂ ಆರಂಭವಾಗಿದೆ. “ನನಗೆ ಬೇಸರವಿಲ್ಲ ಸರ್, ಏನು ಮಾಡಬೇಕೆಂಬುದೇ ತೋಚುತ್ತಿಲ್ಲ. ಆಕೆ ಕೆಲಸ ಬಿಟ್ಟು ಹೋಗದಿದ್ದರೆ ಸಾಕು” ಎಂದರು. ಇಂಥ ಪ್ರಶ್ನೆ ಇನ್ನೂ ಹಲವರ ಮನೆಬಾಗಿಲಿಗೆ ಬರಬಹುದೆಂದು ನಾವು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಕಾನೂನಿನ ಮಾತು. ತನ್ನ ಲಿಂಗತ್ವವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕು ವ್ಯಕ್ತಿಗಿದೆಯೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ತೀರ್ಪಿತ್ತಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ನೇಮಕಾತಿ, ಬಡ್ತಿ ಮೊದಲಾದವುಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಪ್ರತಿ ಸಂಸ್ಥೆಯೂ ದೂರು ಅಧಿಕಾರಿಯೊಬ್ಬರನ್ನು ನೇಮಿಸಬೇಕೆಂದು ವಿಧಿಸಿತು. 2021ರಲ್ಲಿ ಕರ್ನಾಟಕ ಸರ್ಕಾರವು ತನ್ನ ನೇಮಕಾತಿಗಳಲ್ಲಿ ಶೇ. 1ರ ಮೀಸಲಾತಿಯನ್ನು ತಂದಿತು. ಅದಕ್ಕೂ ಮೊದಲೇ, 2019ರಲ್ಲಿ, ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದರು.

ಆದರೆ ಕಾನೂನು ಕಚೇರಿಯ ಊಟದ ಮೇಜಿನವರೆಗೆ ಬರುವುದಿಲ್ಲ. ಅಲ್ಲಿ ಮೊದಲು ಎಡವುವುದು ನಾಲಗೆ. ನಮ್ಮ ಕನ್ನಡದಲ್ಲಿ ಕ್ರಿಯಾಪದಕ್ಕೂ ಲಿಂಗವಿದೆ: ಬಂದನು, ಬಂದಳು. ಹೆಸರನ್ನು ಸರಿಯಾಗಿ ಹೇಳಿ ಕ್ರಿಯಾಪದದಲ್ಲಿ ತಪ್ಪಿದರೆ ಕೇಳಿದವರಿಗೆ ನೋವಾಗುತ್ತದೆ. ಅದೃಷ್ಟವಶಾತ್ ಗೌರವದ ಬಹುವಚನಕ್ಕೆ ಈ ಭೇದವಿಲ್ಲ. ‘ಅವರು ಬಂದರು’ ಎಂದರೆ ಸಾಕು. ಹಾಗೆಂದು ಅದರ ಹಿಂದೆ ಅಡಗಿಕೊಳ್ಳುವುದೂ ತರವಲ್ಲ. ವಿಭಾಗದ ಉಳಿದ ಹೆಂಗಸರನ್ನೆಲ್ಲ ‘ಅಕ್ಕ’ ಎಂದು ಕರೆದು ಆಕೆಯೊಬ್ಬರಿಗೆ ಮಾತ್ರ ‘ಅವರು’ ಎಂದರೆ, ಅದು ಗೌರವವಲ್ಲ, ದೂರವಿಡುವ ಬಗೆ. ಹೇಗೆ ಕರೆಯಬೇಕೆಂದು ಒಮ್ಮೆ ಕೇಳಿಬಿಡುವುದೇ ಲೇಸು. ಬಾಯಿ ತಪ್ಪಿದರೆ ತಿದ್ದಿಕೊಂಡು ಮಾತು ಮುಂದುವರಿಸಬೇಕು. ದೀರ್ಘ ಕ್ಷಮಾಪಣೆಯಿಂದ ಆಕೆಯೇ ನಮ್ಮನ್ನು ಸಮಾಧಾನಪಡಿಸುವ ಸ್ಥಿತಿ ಬರುತ್ತದೆ.

ಉಳಿದವರಿಗೆ ಯಾರು, ಯಾವಾಗ, ಎಷ್ಟು ಹೇಳಬೇಕೆಂಬುದು ಆಕೆಯ ನಿರ್ಧಾರ. ಮುಖ್ಯಸ್ಥರು ಮುಂಚಿತವಾಗಿ ಸುಳಿವು ಕೊಡುವುದು ಸದುದ್ದೇಶದಿಂದಲೇ ಆದರೂ ಅಪಚಾರ. ಶಸ್ತ್ರಚಿಕಿತ್ಸೆಯ ವಿಚಾರ ಕೇಳಬಾರದು. ಬೇರೆ ಯಾವ ಸಹೋದ್ಯೋಗಿಯ ದೇಹದ ವಿಚಾರವನ್ನೂ ನಾವು ಹಾಗೆ ಕೇಳುವುದಿಲ್ಲವಷ್ಟೆ. ಆಧಾರ್, ಬ್ಯಾಂಕು, ಭವಿಷ್ಯನಿಧಿಯ ದಾಖಲೆಗಳು ಬದಲಾಗಲು ಕಾಲ ಹಿಡಿಯುತ್ತದೆ. ಆದರೆ ಕೊರಳಿನ ಗುರುತಿನ ಚೀಟಿ, ಮೇಜಿನ ಫಲಕ, ಇ-ಮೇಲ್ ಹೆಸರು ಕಚೇರಿಯ ಕೈಯಲ್ಲೇ ಇವೆ. ಅವುಗಳನ್ನು ಅದಕ್ಕಾಗಿ ಕಾಯಿಸಬೇಕಿಲ್ಲ. ಶೌಚಾಲಯದ ಪ್ರಶ್ನೆಯನ್ನೂ ಮೊದಲ ದಿನಕ್ಕೆ ಮುನ್ನವೇ ಆಕೆಯೊಡನೆ ಮಾತಾಡಿ ನಿಶ್ಚಯಿಸಬೇಕು.

2017ರಲ್ಲಿ ಕೊಚ್ಚಿ ಮೆಟ್ರೋ 23 ಮಂದಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಉದ್ಯೋಗವಿತ್ತಾಗ ದೇಶವೇ ಮೆಚ್ಚಿತು. ಕೆಲವೇ ದಿನಗಳಲ್ಲಿ ಅವರಲ್ಲಿ ಎಂಟು ಮಂದಿ ಬಿಟ್ಟುಹೋದರು. ಬಾಡಿಗೆಗೆ ಮನೆ ಸಿಗದಿದ್ದುದು ಮುಖ್ಯ ಕಾರಣವಾಗಿತ್ತು. ಕಗ್ಗದಾಸಪುರದಲ್ಲಿ ಮನೆ ಬಾಡಿಗೆಗೆ ಕೊಡುವ ಭಕ್ತರೂ ಇದನ್ನು ಓದುತ್ತಿದ್ದಾರೆಂದು ಬಲ್ಲೆವು.

ಕಾಯಕವನ್ನೇ ಕೈಲಾಸವೆಂದ ಪರಂಪರೆ ನಮ್ಮದು. ಹಾಗಿದ್ದೂ ನಾವು ತಪ್ಪಿದ್ದೇವೆ. ಕೆಲವು ವರ್ಷಗಳ ಹಿಂದೆ ಜಾತ್ರೆಯ ದಾಸೋಹಕ್ಕೆ ಕಾಣಿಕೆಯಿತ್ತ ಒಬ್ಬರು ತಮ್ಮ ಹೊಸ ಹೆಸರನ್ನು ಬರೆಸಿದ್ದರು. ವೇದಿಕೆಯಲ್ಲಿ ದಾನಿಗಳ ಪಟ್ಟಿ ಓದುವಾಗ ನಾವು ಹಳೆಯ ಪುಸ್ತಕದಲ್ಲಿದ್ದ ಗಂಡು ಹೆಸರನ್ನೇ ಓದಿದೆವು. ಸಭೆಯಲ್ಲಿ ಯಾರೋ ನಕ್ಕರು. ಮರುವರ್ಷ ಅವರು ಬರಲಿಲ್ಲ. ಪುಸ್ತಕವನ್ನು ತಿದ್ದಿ, ಸರಿಯಾದ ಹೆಸರಿನ ರಸೀದಿಯೊಡನೆ ಕ್ಷಮೆ ಕೋರಿ ಪತ್ರ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ.